ಕಲಿಸಬಂದವರು ಕಲಿತದ್ದು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಕದಂಬರನ್ನೂ ಪುಲಿಕೇಶಿಯನ್ನೂ ವಿಜಯನಗರವನ್ನೂ ಬಿಟ್ಟು ಜರ್ಮನಿಯ ಪಾದ್ರಿಗಳ ಮಾತೆತ್ತುವುದು ಕೆಲವರಿಗೆ ಸೋಜಿಗವೆನಿಸೀತು. ವಿಷಯ ಯಾವುದೆಂದು ಕೇಳಿದಾಗಲೇ ನಮ್ಮ ಕಾರ್ಯದರ್ಶಿಗಳು ಹುಬ್ಬೇರಿಸಿದ್ದುಂಟು. ಆದರೆ ಕಾರಣವಿಲ್ಲದೆ ನಾವು ಇದನ್ನು ಆರಿಸಿಕೊಂಡಿಲ್ಲ. ಸಂಘದ ಭಾನುವಾರದ ಕನ್ನಡ ತರಗತಿಗೆ ಈ ವರ್ಷ ಇಬ್ಬರು ಹೊಸ ಉಪಾಧ್ಯಾಯರು ಬಂದಿದ್ದಾರೆ. ಇಬ್ಬರೂ ಊರಿನಿಂದ ಈಗ ತಾನೆ ಮುಂಬಯಿಗೆ ಬಂದವರು. ಇವರ ಎದುರಿಗೆ ಕೂರುವ ಮಕ್ಕಳೋ ಇಲ್ಲಿಯೇ ಹುಟ್ಟಿ ಇಲ್ಲಿಯ ಮಾತಿನಲ್ಲೇ ಆಡಿ ಬೆಳೆದವರು. ಗುರುಗಳು ಪರವೂರಿನವರು, ಶಿಷ್ಯರು ಸ್ಥಳದವರು! ಇಂಥದೇ ಇಕ್ಕಟ್ಟನ್ನು ನಮ್ಮ ನಾಡಿನೊಳಗೆ ಕೆಲವರು ಹಿಂದೆ ಅನುಭವಿಸಿದ್ದರು. ಅವರು ಹೇಗೆ ನೆಲೆ ನಿಂತರೆಂಬುದು ನಮಗೂ ಬೇಕಾದ ಸಂಗತಿ.

ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಒಂದು ಮಿಶನ್ ಸಂಸ್ಥೆ ಹುಟ್ಟಿತು. ಅದರಲ್ಲಿ ತರಬೇತಾದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕಸುಬುದಾರರ ಮಕ್ಕಳು. 1833ರ ಸನ್ನದಿನ ನಂತರ ಆಂಗ್ಲರಲ್ಲದ ಮಿಶನರಿಗಳಿಗೂ ಕಂಪನಿಯ ಸೀಮೆಯಲ್ಲಿ ದಾರಿ ತೆರೆಯಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಅಲ್ಲಿಂದ ಮಂಗಳೂರಿಗೆ ಬಂದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕಾ ಖಂಡದ ತುದಿಯನ್ನು ಸುತ್ತಿ ಬರುವ ಹಡಗಿನವರಿಗೆ ನೆಲ ಕಾಣಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಊರು ಕಾಣುವ ನಾವು ಆ ದೂರವನ್ನು ಎಣಿಸುವುದೂ ಕಷ್ಟ.

ನೆಲ ಮುಟ್ಟಿದ ಮೇಲೆ ಕಂಡದ್ದೇನು? ಮಂಗಳೂರಿನ ಮಳೆಯ ವಿಚಾರ ಈ ಸಭೆಯಲ್ಲಿ ಅರ್ಧಕ್ಕರ್ಧ ಜನರಿಗೆ ನಾವು ಹೇಳಬೇಕಾದದ್ದಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಪುಸ್ತಕಕ್ಕೆ ಬೂಸಲು, ಪೆಟ್ಟಿಗೆಗೆ ಗೆದ್ದಲು, ಉಟ್ಟ ಬಟ್ಟೆ ಒಣಗುವಂತಿಲ್ಲ. ಆದರೆ ಮಳೆಗಿಂತ ದೊಡ್ಡ ತೊಡಕು ಭಾಷೆಯದು. ಆಗ ದೊರೆಯುತ್ತಿದ್ದ ಸಾಧನಗಳೆಂದರೆ ಕೇರಿಯವರು 1817ರಲ್ಲಿ ಅಚ್ಚು ಹಾಕಿಸಿದ ವ್ಯಾಕರಣದಂಥವು, ಬಳ್ಳಾರಿಯ ಲಂಡನ್ ಮಿಶನ್ನಿನ ರೀವ್ ಅವರ ಕೋಶಗಳು. ಇವೆಲ್ಲ ಇಂಗ್ಲಿಷಿನಲ್ಲಿ! ಜರ್ಮನ್ ಮಾತಿನ ಹುಡುಗನೊಬ್ಬ ಮೊದಲು ಇಂಗ್ಲಿಷ್ ಎಂಬ ಪರಭಾಷೆಯನ್ನು ಕಲಿತು, ಅದರ ಬೆನ್ನೇರಿ ಕನ್ನಡವೆಂಬ ಇನ್ನೊಂದು ಪರಭಾಷೆಗೆ ಬರಬೇಕು. ಬಂದರೂ ಅವನ ನಾಲಿಗೆಗೆ ಳಕಾರ ಣಕಾರಗಳ ಅಭ್ಯಾಸವಿಲ್ಲ. ಹಳ್ಳಿಗೆ ಹೋಗುತ್ತೇನೆಂದು ಹೊರಟವನು ಹಲ್ಲಿಗೆ ಹೋಗುತ್ತೇನೆಂದರೆ ಕೇಳಿದವರು ನಗದೆ ಇದ್ದಾರೆಯೆ? ಮೇಲಾಗಿ ಮುನ್ಷಿ ಹೇಳಿಕೊಡುವ ಕನ್ನಡ ಒಂದು, ಬೀದಿಯ ಕನ್ನಡ ಇನ್ನೊಂದು. ಅಷ್ಟೂ ಸಾಲದೆಂಬಂತೆ ಮಂಗಳೂರಿನ ಬೀದಿಯಲ್ಲಿ ಕನ್ನಡಕ್ಕಿಂತ ಹೆಚ್ಚು ಕೇಳುವುದು ತುಳು ಮತ್ತು ಕೊಂಕಣಿ. ಗ್ರೈನರ್ ತುಳುವನ್ನೇ ಹಿಡಿದರು. ಅವರೂ ಅಮ್ಮನ್ ಎಂಬವರೂ ಸೇರಿ ಮಾಡಿದ ಹೊಸ ಒಡಂಬಡಿಕೆಯ ತುಳು ಅನುವಾದ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ತುಳುವನ್ನು ಕನ್ನಡ ಅಕ್ಷರದಲ್ಲಿ ಅಚ್ಚಿಸುವ ವಾಡಿಕೆ ಗಟ್ಟಿಯಾದುದಕ್ಕೆ ಈ ಜನರೂ ಒಂದು ಕಾರಣ.

ಇವರೆಲ್ಲರಲ್ಲಿ ಹೊಸ ಉಪಾಧ್ಯಾಯನ ಕಷ್ಟಸುಖ ಚೆನ್ನಾಗಿ ಕಾಣುವುದು ಹರ್ಮನ್ ಮೋಗ್ಲಿಂಗರ ಬಾಳಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಇವರು 1836ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಇಲ್ಲಿಗೆ ಬಂದರು. ಹುಬ್ಬಳ್ಳಿ ಧಾರವಾಡಗಳ ಕಡೆ ಕೆಲಕಾಲ ತಿರುಗಾಡಿ, ಮಂಗಳೂರಿಗೆ ಮರಳಿ ಹುಡುಗರ ಶಾಲೆಯನ್ನು ಕೈಗೆ ತೆಗೆದುಕೊಂಡರು. ಬಲ್ಮಠದ ಗುಡ್ಡ ಬಲ್ಲವರಿಗೆ ಆ ಸ್ಥಳ ಗೊತ್ತು. ಇಂದಿಗೂ ಅಲ್ಲಿ ದೇವಶಾಸ್ತ್ರದ ಕಾಲೇಜು ಇದೆ. ಮೋಗ್ಲಿಂಗರು ಬಂಗಲೆಯಲ್ಲಿ ದೂರ ಕುಳಿತು ಕಲಿಸುವ ಜಾತಿಯವರಲ್ಲ. ಹುಡುಗರ ಜೊತೆಯಲ್ಲೇ ವಾಸ, ಅವರ ಊಟದಂಥದೇ ಊಟ. ದೇಶೀಯರಂತೆಯೇ ಬದುಕಬೇಕೆಂಬ ಅವರ ಈ ಹಂಬಲ ಜೊತೆಯ ಮಿಶನರಿಗಳೆಲ್ಲರಿಗೂ ಹಿಡಿಸಲಿಲ್ಲ. ನಮಗನ್ನಿಸುವ ಮಟ್ಟಿಗೆ, ಅವರ ಕನ್ನಡ ಬೆಳೆದದ್ದು ವ್ಯಾಕರಣದ ಪುಟಗಳಲ್ಲಿ ಅಲ್ಲ, ಆ ಊಟದ ಸಾಲಿನಲ್ಲಿ.

ಕಲಿಸಲು ಪುಸ್ತಕ ಬೇಕಷ್ಟೆ. ಪುಸ್ತಕವೆಲ್ಲಿ? ಕಾವ್ಯಗಳು ತಾಳೆಗರಿಯಲ್ಲಿ, ಪದಗಳು ಜನರ ಬಾಯಲ್ಲಿ. ಮಿಶನ್ನಿನವರು ಮಂಗಳೂರಿಗೆ ಒಂದು ಕಲ್ಲಚ್ಚಿನ ಯಂತ್ರ ತಂದರು. ಅದರಲ್ಲಿಯೇ 1843ರ ಜುಲೈ 1ರಂದು ಮೋಗ್ಲಿಂಗರು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುವ ಸಣ್ಣ ಪತ್ರಿಕೆ. ಅದು ಕನ್ನಡದ ಮೊದಲ ವೃತ್ತಪತ್ರಿಕೆಯಾದುದರಿಂದ ಇಂದಿಗೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ಮೊಳೆಯಚ್ಚಿನಲ್ಲಿ "ಕನ್ನಡ ಸಮಾಚಾರ"ವೆಂಬ ಹೆಸರು ಪಡೆಯಿತು. ಆಮೇಲೆ ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ನಿವೃತ್ತ ಅಧಿಕಾರಿ ಕಾಸಮೇಜರರ ಹಣದ ನೆರವಿನಿಂದ, 1848ರಿಂದ ಕೆಲವು ವರ್ಷ, ಒಂದು ಗ್ರಂಥಮಾಲೆಯೇ ಹೊರಬಂತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಅದರಲ್ಲಿ ಅಚ್ಚಾದವು. ಗಾದೆಗಳನ್ನು ಕೂಡಿಸಿ ಅವುಗಳದ್ದೂ ಒಂದು ಪುಸ್ತಕ ಮಾಡಿದರು. ಹರಿದಾಸರ ಹಾಡುಗಳನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟ ಮೊದಲಿಗರಲ್ಲಿ ಕ್ರೈಸ್ತ ಪಾದ್ರಿಯೊಬ್ಬರಿದ್ದಾರೆ! ಇದನ್ನು ಕೇಳಿ ದಾಸರೂ ನಕ್ಕಾರು, ಪಾದ್ರಿಗಳೂ ನಕ್ಕಾರು. ಈ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಇವರು ಬಂದದ್ದು ಕನ್ನಡ ಸೇವೆಗಲ್ಲ, ಮತಪ್ರಚಾರಕ್ಕೆ. ನಮ್ಮ ದೇವರು ದಿಂಡರ ಬಗ್ಗೆ ಇವರಲ್ಲಿ ಅನೇಕರು ಆಡಿದ, ಬರೆದ ಮಾತು ಕಠಿಣವಾದದ್ದು. 1844ರಲ್ಲಿ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮಗನನ್ನು ಶಾಲೆಗೆ ಕಳಿಸಿ ಮಗನನ್ನೇ ಕಳೆದುಕೊಂಡ ಮನೆಯವರ ಸಂಕಟವನ್ನು ನಾವು ಹಗುರವಾಗಿ ಕಾಣಲಾರೆವು. ಮತ ಬಿಟ್ಟವನಿಗೆ ಜಾತಿಯೊಡನೆ ಕಸುಬೂ ತಪ್ಪಿಹೋಗುತ್ತಿದ್ದುದರಿಂದಲೇ ಮಿಶನ್ನಿನವರು ನೇಯ್ಗೆ, ಅಚ್ಚುಕೂಟ, 1865ರಿಂದ ಜೆಪ್ಪುವಿನ ಹೆಂಚಿನ ಕಾರ್ಖಾನೆ, ಇವನ್ನೆಲ್ಲ ಕಟ್ಟಬೇಕಾಯಿತು. ಊರಿನ ಮನೆಗಳ ಮಾಡಿನ ಮೇಲೆ ಮಂಗಳೂರು ಹೆಂಚು ಬಂದ ಕಥೆಯ ಹಿಂದೆ ಇದೂ ಇದೆ.

ಆನಂದರಾಯರ ಕಥೆ ಇನ್ನೂ ಮುಂದಿದೆ. 1846ರಲ್ಲಿ ಮೋಗ್ಲಿಂಗರು ಯೂರೋಪಿಗೆ ಹೋಗುವಾಗ ಇವರನ್ನೂ ಕರೆದೊಯ್ದರು. ಐದು ವರ್ಷ ಬಾಸೆಲಿನಲ್ಲಿ ಕಲಿತು, 1851ರಲ್ಲಿ ಮಿಶನರಿಯಾಗಿಯೇ ಹಿಂತಿರುಗಿ, ಮಂಗಳೂರಿನ ಶಾಲೆಯಲ್ಲಿ ಉಪಾಧ್ಯಾಯರಾದರು. ಜರ್ಮನ್ ಹುಡುಗ ನೇತ್ರಾವತಿಯ ದಡದಲ್ಲಿ ಪಟ್ಟ ಪಾಡನ್ನು ಕೊಂಕಣಿ ಮನೆಮಾತಿನ ಹುಡುಗ ರೈನ್ ನದಿಯ ದಡದಲ್ಲಿ ಪಟ್ಟ. ಆ ಚಳಿ, ಆ ಭಾಷೆ, ಆ ರೊಟ್ಟಿ. ನಮ್ಮ ಕಡೆಯಿಂದ ಪರದೇಶಕ್ಕೆ ಹೋಗಿ ಓದಿ ಬಂದ ಮೊದಲಿಗರ ಪಟ್ಟಿಯಲ್ಲಿ ಈ ಹೆಸರು ಯಾಕೋ ನಮ್ಮವರ ಬಾಯಲ್ಲಿ ಬರುವುದು ಅಪರೂಪ.

ನೆಲೆ ನಿಲ್ಲುವುದಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. ಅವಿವಾಹಿತರಾಗಿ ಬರಬೇಕು, ಕೆಲವು ವರ್ಷ ಕಳೆದ ಮೇಲೆ ಬಾಸೆಲಿನ ಸಮಿತಿಯ ಅಪ್ಪಣೆ ಪಡೆದು ಮದುವೆ. ಎಷ್ಟೋ ಸಲ ವಧು ಅಲ್ಲಿಂದ ಹಡಗು ಹತ್ತಿ ಬರುವಾಗ ವರನ ಮುಖವನ್ನೇ ಕಂಡಿರುತ್ತಿರಲಿಲ್ಲ. ಜಾತಕ ನೋಡಿ ಗಂಡು ಗೊತ್ತು ಮಾಡುವ ನಮ್ಮನ್ನು ನೋಡಿ ಅವರು ನಗುವ ಹಾಗಿರಲಿಲ್ಲ! ಬೈಬಲ್ಲಿನ ಕನ್ನಡಕ್ಕಾಗಿ ದುಡಿದ ವೈಗ್ಲೆ 1840ರಲ್ಲಿ ಬಂದು, ನಲವತ್ತು ತುಂಬುವ ಮೊದಲೇ 1855ರಲ್ಲಿ ತೀರಿಕೊಂಡರು. ಕಿಟ್ಟೆಲರ ಮೊದಲ ಹೆಂಡತಿಯೂ ಅಕಾಲದಲ್ಲಿ ತೀರಿಕೊಂಡರು. ಆಕೆಯ ಸೋದರಿಯನ್ನು ಅವರು ಆಮೇಲೆ ಮದುವೆಯಾದರು.

ಎಲ್ಲಕ್ಕಿಂತ ಕರುಳು ಹಿಂಡುವುದು ಮಕ್ಕಳ ಸಂಗತಿ. ಇಲ್ಲಿ ಹುಟ್ಟಿ, ಆಯಾಗಳ ಕಂಕುಳಲ್ಲಿ ಈ ನಾಡಿನ ಮಾತು ಕೇಳುತ್ತ ಬೆಳೆದ ಮಕ್ಕಳನ್ನು ಐದಾರು ವರ್ಷವಾಗುತ್ತಲೇ ಓದಿಗಾಗಿ ಯೂರೋಪಿಗೆ ಕಳಿಸಿಬಿಡುವುದು ವಾಡಿಕೆಯಾಗಿತ್ತು. ತಂದೆತಾಯಿಗಳನ್ನು ಮತ್ತೆ ಕಾಣುವುದು ಹತ್ತಾರು ವರ್ಷದ ಮೇಲೆ. ಕೆಲವರಿಗೆ ಅದೂ ಇಲ್ಲ. ಮಲೆಯಾಳ ನಿಘಂಟುಕಾರ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶೇರಿಯ ಕಡೆ ಹುಟ್ಟಿ, ಎಳವೆಯಲ್ಲೇ ಯೂರೋಪಿನಲ್ಲಿ ಉಳಿದು, 1857ರಲ್ಲಿ ಹದಿನೈದರ ಹುಡುಗಿಯಾಗಿ ತಂದೆತಾಯಿಗಳ ಬಳಿ ಮರಳಿದಳು. ಮುಂದೆ ಆಕೆ ಮಂಗಳೂರಿನಲ್ಲಿ ಕೆಲಸ ಮಾಡಿದ್ದ ಯೋಹಾನಸ್ ಹೆಸ್ಸೆಯವರನ್ನು ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಪರರ ಭಾಷೆಗೆ ಕೋಶಗಳನ್ನು ಕಟ್ಟಿಕೊಟ್ಟ ಆ ಮನೆಗಳಲ್ಲಿ ತಂದೆಯೂ ಮಕ್ಕಳೂ ಒಂದೇ ಊಟದ ಮೇಜಿಗೆ ಕೂತ ದಿನಗಳು ಎಣಿಕೆಗೆ ಸಿಕ್ಕುವಷ್ಟೇ.

ಕಿಟ್ಟೆಲರ ಹೆಸರು ಬಂತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ತುದಿಯಲ್ಲಿ ಅವರ ಪ್ರತಿಮೆಯನ್ನು ನೀವೆಲ್ಲ ನೋಡಿರಬಹುದು. 1853ರಲ್ಲಿ, ಇಪ್ಪತ್ತೊಂದು ವರ್ಷದ ಪ್ರಾಯದಲ್ಲಿ, ಫರ್ಡಿನೆಂಡ್ ಕಿಟ್ಟೆಲರು ಬಂದದ್ದು ಧಾರವಾಡದ ಕಡೆಗೆ. ಕುದುರೆ ಬಂಡಿಗಳ ಗೊಡವೆ ಬಿಟ್ಟು ಹಳ್ಳಿಯಿಂದ ಹಳ್ಳಿಗೆ ನಡೆದರು. ಸಂತೆಯ ಮಾತನ್ನೂ ಹೊಲದ ಮಾತನ್ನೂ ಕೇಳಿದರು. ದೇಶ ಸುತ್ತು, ಕೋಶ ಓದು ಎನ್ನುತ್ತೇವೆ. ಇವರು ದೇಶ ಸುತ್ತಿ ಕೋಶವನ್ನೇ ಬರೆದರು. ಕ್ರಿಸ್ತನ ಕಥೆಯನ್ನು ಕೂಡ ನಮ್ಮ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ "ಕಥಾಮಾಲೆ" ಎಂದು ಹೊರತಂದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು. ಮೈ ಸೋತು ಜರ್ಮನಿಗೆ ಹಿಂದಿರುಗಿದವರು ಕೋಶ ಮುಗಿಸಲೆಂದೇ 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕಿದ ಪುಟಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಮೊದಲ ಸಲ ಬಂದು ನಲವತ್ತೊಂದು ವರ್ಷವಾಗಿತ್ತು. ಶಬ್ದದ ಅರ್ಥಕ್ಕೆ ಸಾಕ್ಷಿಯಾಗಿ ಹಳಗನ್ನಡ ಕವಿಗಳ ಜೊತೆಯಲ್ಲಿ ಗಾದೆಗಳನ್ನೂ ತಂದು ನಿಲ್ಲಿಸಿದ್ದಾರೆ. ಕವಿಗೂ ಅಜ್ಜಿಗೂ ಅಲ್ಲಿ ಒಂದೇ ಮಣೆ.

ಇನ್ನು ನಮ್ಮ ಕಡೆಗೆ ಬರೋಣ. ಹಿಂದೆ ಇದೇ ಮುಂಬಯಿಯಲ್ಲಿ ಹೋಟೆಲಿನ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳಿದ್ದವು. ಹಗಲೆಲ್ಲ ಕಚೇರಿಯಲ್ಲಿ ದುಡಿದ ನಮ್ಮವರು ರಾತ್ರಿ ಪಾಠ ಹೇಳುತ್ತಿದ್ದರು. ಆಗ ಗುರುವಿನದೂ ಶಿಷ್ಯನದೂ ಒಂದೇ ಊರು, ಒಂದೇ ಮಾತು. ಬೆಂಚಿನ ಮೇಲೆ ತೂಕಡಿಸುವ ಹುಡುಗನನ್ನು ಎಬ್ಬಿಸುವುದೊಂದೇ ತೊಂದರೆ. ಇಂದಿನ ತರಗತಿ ಹಾಗಲ್ಲ. ಈ ಮಕ್ಕಳಿಗೆ ನಿದ್ದೆಯಿಲ್ಲ, ಕನ್ನಡವೂ ಇಲ್ಲ. ಕನಸು ಕಾಣುವುದು ಮರಾಠಿಯಲ್ಲೋ ಹಿಂದಿಯಲ್ಲೋ; ಅಕ್ಷರ ಇಂಗ್ಲಿಷಿನದು. ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಒಂದು ಮಾತು ಕೇಳಿದರೆ, ಮೊಮ್ಮಗ ಅಮ್ಮನ ಮುಖ ನೋಡುತ್ತಾನೆ. ಬಾಸೆಲಿನ ಮಕ್ಕಳನ್ನು ಹಡಗು ಅಗಲಿಸಿತು. ನಮ್ಮ ಮಕ್ಕಳು ನಮ್ಮ ಮನೆಯಲ್ಲೇ, ನಮ್ಮ ತಟ್ಟೆಯ ಪಕ್ಕದಲ್ಲೇ ಇದ್ದಾರೆ.

ಹೊಸ ಉಪಾಧ್ಯಾಯರಿಬ್ಬರೂ ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನಮ್ಮದೊಂದು ಬಿನ್ನಹ. ವರ್ಣಮಾಲೆಯನ್ನು ಅವಶ್ಯ ಕಲಿಸಿರಿ. ಆದರೆ ಅದಕ್ಕೆ ಮೊದಲು ನಾಲ್ಕು ಮಾತು ಮರಾಠಿ ಕಲಿಯಿರಿ. ಕಲಿಸಲು ಬೇಕಾದಷ್ಟು ಜನ ನಮ್ಮ ಚಾಳುಗಳಲ್ಲಿ ಇದ್ದಾರೆ, ಮಕ್ಕಳೇ ಕಲಿಸಿಯಾರು. ತಾವು ಕಲಿಸಿದ ಭಾಷೆಯಲ್ಲಿ ತಮ್ಮ ಗುರುಗಳು ತಡವರಿಸುವುದನ್ನು ಕಂಡ ಹುಡುಗ ತನ್ನ ತಡವರಿಕೆಗೆ ನಾಚಲಾರ.

ಮಕ್ಕಳಿಗೂ ತಾಯಂದಿರಿಗೂ ಒಂದು ಕೆಲಸವಿದೆ. ಮುಂದಿನ ಭಾನುವಾರ ಪ್ರತಿಯೊಂದು ಮಗುವೂ ಮನೆಯ ಹಿರಿಯರನ್ನು ಕೇಳಿ ಒಂದು ಗಾದೆ ತರಬೇಕು. ಹಿರಿಯರು ಊರಿನಲ್ಲಿದ್ದರೆ ಫೋನು ಮಾಡಿ ಕೇಳಬಹುದು. ತುಳುವಿನದಾದರೂ ಸರಿ, ಕೊಂಕಣಿಯದಾದರೂ ಸರಿ, ಬ್ಯಾರಿ ಮಾತಿನದಾದರೂ ಸರಿ. ಬರೆಯುವುದು ಮಾತ್ರ ಕನ್ನಡ ಅಕ್ಷರದಲ್ಲಿ. ತಪ್ಪಿದ್ದರೆ ತಿದ್ದೋಣ. ತರಗತಿ ಬೆಳಿಗ್ಗೆ ಹತ್ತಕ್ಕೆ, ಸಂಘದ ಮೇಲಿನ ಕೋಣೆಯಲ್ಲಿ. ನೋಟುಪುಸ್ತಕಗಳನ್ನು ಕಾರ್ಯದರ್ಶಿಗಳು ಕೊಡಿಸುವುದಾಗಿ ಒಪ್ಪಿದ್ದಾರೆ.