ತೆರೆಯ ಮೇಲಿನ ಆಕೃತಿ, ಕಾಗದದ ಮೇಲಿನ ಸಾಧನೆ

(ಪ್ರೌಢಶಾಲಾ ಗಣಿತ ಶಿಕ್ಷಕರ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಮುಖ್ಯ ಶಿಕ್ಷಕರು ಇದನ್ನು ತಮ್ಮ ಶಾಲೆಯ ಗಣಿತ ಶಿಕ್ಷಕರ ಅವಗಾಹನೆಗೆ ತರತಕ್ಕದ್ದು.)



ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ತಂತ್ರಾಂಶವು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿದೆ. ಅದರ ಬಳಕೆಯ ಕ್ರಮವನ್ನು ನಾನಿಲ್ಲಿ ವಿವರಿಸಹೊರಟಿಲ್ಲ. ಅದರ ಮುಂದೆ ಕುಳಿತಾಗ ಶಿಕ್ಷಕರಾದ ನಾವು ಯಾವುದನ್ನು ಸಾಧನೆಯೆಂದು ಒಪ್ಪುತ್ತೇವೆ ಎಂಬುದೇ ಇಂದಿನ ವಿಚಾರ. ಬಿಂದುವನ್ನು ಎಳೆದು, ಅಳತೆಗಳು ಸಮವಾಗಿರುವುದನ್ನು ತೋರಿಸಿ, "ಆದ್ದರಿಂದ ಸಾಧಿಸಲ್ಪಟ್ಟಿತು" ಎಂದು ನಾವು ಹೇಳಿದರೆ, ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾನೆ. ಅಂಕವೂ ಹೋಗುತ್ತದೆ, ತರ್ಕವೂ ಹೋಗುತ್ತದೆ.

ಒಂದು ಪ್ರಯೋಗವನ್ನು ನೋಡೋಣ. ತ್ರಿಜ್ಯವು 1 ಇರುವ ವೃತ್ತದೊಳಗೆ ಸಮಬಾಹು ತ್ರಿಭುಜವನ್ನು ರಚಿಸಿರಿ. ಅದರ ಬಾಹುವಿನ ಅರ್ಧವನ್ನೇ ಅದೇ ವೃತ್ತದೊಳಗಿನ ನಿಯಮಿತ ಸಪ್ತಭುಜದ ಬಾಹುವಾಗಿ ಬಳಸುವ ಹಳೆಯ ಕ್ರಮವೊಂದುಂಟು. ಜರ್ಮನಿಯ ಚಿತ್ರಕಾರ ಡ್ಯೂರರ್ 1525ರ ತನ್ನ ಗ್ರಂಥದಲ್ಲಿ ಇದನ್ನು ಕೊಟ್ಟಿದ್ದಾನೆ. ತಂತ್ರಾಂಶವನ್ನು ಎರಡು ದಶಮಾಂಶ ಸ್ಥಾನಗಳಿಗೆ ಇರಿಸಿದಾಗ ಎರಡು ಉದ್ದಗಳೂ 0.87 ಎಂದೇ ಕಾಣುತ್ತವೆ. ನಾಲ್ಕು ಸ್ಥಾನಗಳಿಗೆ ಹೆಚ್ಚಿಸಿದೊಡನೆ ಒಂದು 0.8660, ಇನ್ನೊಂದು 0.8678. ಸಮವಲ್ಲದ್ದನ್ನು ಬಯಲಿಗೆಳೆಯಲು ಅಳತೆ ಸಾಕು. ಸಮವಾಗಿರುವುದನ್ನು ಸ್ಥಾಪಿಸಲು ಎಷ್ಟು ಸ್ಥಾನಗಳನ್ನು ಹೆಚ್ಚಿಸಿದರೂ ಸಾಲದು.

ಹಾಗಾದರೆ ಎಳೆಯುವ ಕ್ರಿಯೆಯಿಂದ ಪ್ರಯೋಜನವೇನು? ಸಾಧನೆಯ ದಾರಿಯನ್ನು ಅದು ತೋರಿಸಬಲ್ಲದು ಎಂಬುದೇ ನನ್ನ ಅಭಿಪ್ರಾಯ. ಒಂಬತ್ತನೆಯ ತರಗತಿಯ ಚತುರ್ಭುಜಗಳ ಪಾಠಕ್ಕೆ ಬರೋಣ. ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ದೊರೆಯುತ್ತದೆ. ಫ್ರಾನ್ಸಿನ ಪಿಯರ್ ವಾರಿನ್ಯೋನ್‌ನ ಈ ಪ್ರಮೇಯವು ಅವನ ಮರಣಾನಂತರ 1731ರಲ್ಲಿ ಪ್ರಕಟವಾಯಿತು. ನಾವು ಕಪ್ಪುಹಲಗೆಯ ಮೇಲೆ "ರಚನೆ: ಕರ್ಣ ಎಸಿಯನ್ನು ಎಳೆಯಿರಿ" ಎಂದು ಬರೆಯುತ್ತೇವೆ. ಆ ಕರ್ಣ ಎಲ್ಲಿಂದ ಹೊಳೆಯಿತೆಂದು ಮಕ್ಕಳು ಕೇಳುವುದಿಲ್ಲ. ಕೇಳಿದರೆ ನಮ್ಮಲ್ಲಿ ಸಿದ್ಧ ಉತ್ತರವಿರುವುದೂ ಅಪರೂಪ.

ತೆರೆಯ ಮೇಲೆ ಎಬಿಸಿಡಿ ಚತುರ್ಭುಜವನ್ನು ರಚಿಸಿ, ಡಿ ಶೃಂಗವೊಂದನ್ನೇ ಎಳೆಯಿರಿ. ಎಬಿ ಮತ್ತು ಬಿಸಿಗಳ ಮಧ್ಯಬಿಂದುಗಳು ನಿಶ್ಚಲ. ಸಿಡಿ ಮತ್ತು ಡಿಎಗಳ ಮಧ್ಯಬಿಂದುಗಳು ಚಲಿಸುತ್ತವೆ. ಆದರೆ ಅವುಗಳನ್ನು ಸೇರಿಸುವ ರೇಖಾಖಂಡದ ಉದ್ದವಾಗಲಿ ದಿಕ್ಕಾಗಲಿ ಬದಲಾಗುವುದಿಲ್ಲ. ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಬೇಕು: ಡಿ ಎಲ್ಲಿಗೆ ಹೋದರೂ ಈ ಖಂಡ ಏಕೆ ಬದಲಾಗದು? ಡಿಎ, ಸಿಡಿ ಬಾಹುಗಳಲ್ಲಿ ಅಲುಗದೆ ಉಳಿದವು ಯಾವುವು? ಎ ಮತ್ತು ಸಿ. ಅವುಗಳನ್ನು ಸೇರಿಸಿದರೆ ಕರ್ಣ ದೊರೆಯಿತು. ಆ ಖಂಡವು ಕರ್ಣಕ್ಕೆ ಸಮಾಂತರವಾಗಿದ್ದು ಅದರ ಅರ್ಧದಷ್ಟಿರುತ್ತದೆ ಎಂಬುದು ಮಧ್ಯಬಿಂದು ಪ್ರಮೇಯ. ತ್ರಿಭುಜ ಎಬಿಸಿಯಲ್ಲಿಯೂ ಅದೇ ಮಾತು. ಸಾಧನೆ ಅಲ್ಲಿಗೆ ಪೂರ್ಣಗೊಳ್ಳುತ್ತದೆ, ಅಳತೆಯೊಂದನ್ನೂ ಬಳಸದೆ.

ಇನ್ನೂ ಮುಂದೆ ಎಳೆಯಿರಿ. ಡಿ ಕರ್ಣವನ್ನು ದಾಟಿ ಬಿ ಇರುವ ಪಾರ್ಶ್ವಕ್ಕೆ ಬಂದಾಗಲೂ ಫಲಿತಾಂಶ ಕೆಡುವುದಿಲ್ಲ. ಆದರೆ "ಕರ್ಣದ ಎರಡೂ ಪಾರ್ಶ್ವಗಳ ತ್ರಿಭುಜಗಳು" ಎಂದು ಬರೆದಿದ್ದವರು ತಮ್ಮ ವಾಕ್ಯವನ್ನು ತಿದ್ದಬೇಕಾಗುತ್ತದೆ. ಚಿತ್ರದಿಂದ ನಮಗರಿಯದೆಯೇ ಸಾಧನೆಯೊಳಗೆ ನುಸುಳಿದ ಇಂತಹ ಮಾತುಗಳನ್ನು ಹಿಡಿದುಕೊಡುವುದರಲ್ಲಿ ತಂತ್ರಾಂಶ ಬಲು ಚುರುಕು.

ಶಾಲೆಯಲ್ಲಿ ಒಂದೇ ಗಣಕಯಂತ್ರವಿದ್ದರೂ ಇದು ಸಾಧ್ಯ. ಒಬ್ಬ ವಿದ್ಯಾರ್ಥಿ ಎಳೆಯಲಿ. ಉಳಿದವರು ಬದಲಾದದ್ದು ಯಾವುದು, ಬದಲಾಗದ್ದು ಯಾವುದು ಎಂದು ಪುಸ್ತಕದಲ್ಲಿ ಎರಡು ಪಟ್ಟಿಗಳನ್ನು ಮಾಡಲಿ.

ಡಿ ಬಿಂದುವು ಸರಿಯಾಗಿ ಎಸಿ ರೇಖೆಯ ಮೇಲೆಯೇ ನಿಂತಾಗ ತ್ರಿಭುಜ ಎಡಿಸಿ ಇಲ್ಲವಾಗುತ್ತದೆ. ಮಧ್ಯಬಿಂದು ಪ್ರಮೇಯವನ್ನು ಅನ್ವಯಿಸಲಾಗದು. ಆದರೂ ಸಮಾಂತರ ಚತುರ್ಭುಜ ತೆರೆಯ ಮೇಲೆ ಹಾಗೆಯೇ ಇರುತ್ತದೆ. ಈ ಸಂದರ್ಭದ ಸಾಧನೆಯನ್ನು ಪ್ರತಿ ತಂಡವೂ ಭೋಜನಾನಂತರದ ಅವಧಿಗೆ ಕಾಗದದ ಮೇಲೆ ಬರೆದು ತರಬೇಕೆಂದು ಕೋರುತ್ತೇನೆ.