ನಡುಗುವ ಚಿತ್ರ ನಿಲ್ಲುವುದು ಹೇಗೆ?

(ಜನಕಪುರಿಯ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪುಸ್ತಕ ಪತ್ರಿಕೆಗಳ ಮಾತು ನಡೆಯಬೇಕಾದ ವಾಚನಾಲಯದಲ್ಲಿ ವಿಡಿಯೋ ನಡುಗುವುದರ ಮಾತೇಕೆಂದು ಕೆಲವರಿಗೆ ತೋರಬಹುದು. ಕಾರಣವುಂಟು. ಇಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಊರಿನಿಂದ ಒಂದೂವರೆ ದಿನದ ರೈಲು ದಾರಿಯಷ್ಟು ದೂರದಲ್ಲಿದ್ದೇವೆ. ರಜೆ ಸಿಕ್ಕದೆ ತಪ್ಪಿಹೋದ ತಂಗಿಯ ಮದುವೆ, ಅಣ್ಣನ ಮನೆಯ ಗೃಹಪ್ರವೇಶ, ಊರ ತೇರು, ಇವೆಲ್ಲ ಈಗ ನಮ್ಮನ್ನು ಮುಟ್ಟುವುದು ಫೋನಿನ ಮೂಲಕ. ಹಿಂದೆ ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಅಕ್ಷರ ಎಷ್ಟೇ ವಕ್ರವಾಗಿದ್ದರೂ ಕೂಡಿಸಿಕೊಂಡು ಓದಬಹುದಾಗಿತ್ತು. ಈಗ ಬರುವ ವಿಡಿಯೋ ಒಂದೊಂದು ಸಲ ಎಷ್ಟು ಕುಣಿಯುತ್ತದೆಂದರೆ, ಮುಹೂರ್ತದ ಹೊತ್ತಿಗೆ ಮದುಮಕ್ಕಳು ಕಾಣದೆ ಚಪ್ಪರದ ಮಾವಿನೆಲೆ ಕಾಣುತ್ತದೆ. ಧಾರೆ ಮುಗಿಯುವುದರೊಳಗೆ ನೋಡುವವರಿಗೆ ತಲೆಸುತ್ತು ಬರುತ್ತದೆ.

ಇದನ್ನು ನಿಲ್ಲಿಸುವ ಸಾಫ್ಟ್‌ವೇರ್ ಉಂಟೆ ಎಂದು ನಮ್ಮನ್ನು ಕೇಳುವವರು ಹೆಚ್ಚಾಗಿದ್ದಾರೆ. ಉಂಟು. ದುಡ್ಡು ಕೊಡದೆ ಸಿಕ್ಕುವಂಥದೂ ಉಂಟು. ಆದರೆ ಅದು ಪುಕ್ಕಟೆ ಕೆಲಸ ಮಾಡುವುದಿಲ್ಲ. ಚಿತ್ರವನ್ನು ನಿಲ್ಲಿಸಿಕೊಟ್ಟದ್ದಕ್ಕೆ ಚಿತ್ರದಲ್ಲಿಯೇ ಒಂದು ಪಾಲನ್ನು ಕೂಲಿಯಾಗಿ ತೆಗೆದುಕೊಳ್ಳುತ್ತದೆ. ಆ ಕೂಲಿ ಎಷ್ಟು, ಯಾವ ಕಡೆಯಿಂದ ಹೋಗುತ್ತದೆ ಎಂದು ತಿಳಿಯದೆ ಗುಂಡಿ ಒತ್ತಬಾರದು. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಷ್ಟೇ.

ಸಾಫ್ಟ್‌ವೇರಿನ ಬಗೆ ತಿಳಿಯಬೇಕಾದರೆ ಅದಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರೆಂದು ನೋಡುವುದು ಒಳ್ಳೆಯದು. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಗುರುದತ್ತರ 'ಪ್ಯಾಸಾ' (೧೯೫೭), ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್' (೧೯೫೯) ಎರಡಕ್ಕೂ ಛಾಯಾಗ್ರಾಹಕರು ಅವರೇ. ಆ ಕಾಲದ ಸ್ಟುಡಿಯೋ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಾಡುವ ವಸ್ತುವಲ್ಲ. ಮುಕ್ಕಾಲಿಯ ಮೇಲೆ ಕೂರಿಸಬೇಕು. ಚಲಿಸಬೇಕಾದರೆ ನೆಲಕ್ಕೆ ಹಳಿ ಹಾಸಿ, ಟ್ರಾಲಿಯ ಮೇಲಿಟ್ಟು, ಆಳುಗಳು ಹದವಾಗಿ ತಳ್ಳಬೇಕು. ಆ ಚಿತ್ರಗಳಲ್ಲಿ ಕ್ಯಾಮೆರಾ ಮುಖದ ಹತ್ತಿರಕ್ಕೆ ತೇಲಿಕೊಂಡು ಬಂದಂತೆ ಕಾಣುವುದು ಹೀಗೆ. ನಡುಕ ಹೊಕ್ಕ ಮೇಲೆ ತೆಗೆಯುವ ಪ್ರಶ್ನೆಯೇ ಅಲ್ಲಿರಲಿಲ್ಲ. ಅದು ಹೊಕ್ಕದಂತೆ ಮೊದಲೇ ಬಾಗಿಲು ಹಾಕುತ್ತಿದ್ದರು. ೨೦೦೮ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕನ್ನಡಿಗರಾದ ನಾವು ಇದನ್ನು ತುಸು ಹೆಮ್ಮೆಯಿಂದ ಹೇಳಿಕೊಂಡರೆ ಯಾರೂ ಬೇಸರಪಡಬೇಕಾಗಿಲ್ಲ.

ಹಳಿ ಹಾಸಲಾಗದ ಮೆಟ್ಟಿಲಿನ ಮೇಲೆ, ಜನಜಂಗುಳಿಯ ನಡುವೆ ಏನು ಮಾಡುವುದು? ಅಮೆರಿಕದ ಗ್ಯಾರೆಟ್ ಬ್ರೌನ್ ಎಂಬುವರು ಇದಕ್ಕಾಗಿ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಮಾಡಿದರು. ೧೯೭೬ರ 'ಬೌಂಡ್ ಫಾರ್ ಗ್ಲೋರಿ' ಚಿತ್ರದಲ್ಲಿ ಅದರ ಬಳಕೆಯಾಯಿತು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಏರುದಾರಿಯಲ್ಲಿ ಬರುವ ನಮ್ಮ ಹೆಂಗಸರು ಮಂಡಿ ಸೊಂಟಗಳಿಂದ ಮಾಡುವ ಕೆಲಸವನ್ನೇ ಅದು ಸ್ಪ್ರಿಂಗು ತೂಕಗಳಿಂದ ಮಾಡುತ್ತದೆ. ಕಾಲು ಏರಿಳಿದರೂ ಕೊಡ ತುಳುಕದು.

ಇವೆರಡೂ ಚಿತ್ರ ತೆಗೆಯುವಾಗಿನ ಉಪಾಯಗಳು. ಸಾಫ್ಟ್‌ವೇರಿನದು ತೆಗೆದಾದ ಮೇಲಿನ ಉಪಾಯ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ ೩೦ ಚಿತ್ರ ತೆಗೆಯುತ್ತದೆ; ಮೂರು ನಿಮಿಷದ ವಿಡಿಯೋ ಎಂದರೆ ೫,೪೦೦ ಬಿಡಿಚಿತ್ರಗಳಾದುವು. ಸಾಫ್ಟ್‌ವೇರು ಮೊದಲನೆಯ ಚಿತ್ರದಲ್ಲಿ ಗುರುತು ಹಿಡಿಯಲು ಸುಲಭವಾದ ಚುಕ್ಕೆಗಳನ್ನು ಆರಿಸಿಕೊಳ್ಳುತ್ತದೆ. ಬಾಗಿಲ ಮೂಲೆ, ಕಂಬದ ತುದಿ, ಬ್ಯಾನರಿನ ಅಕ್ಷರದ ತಿರುವು, ಹೀಗೆ. ಎರಡನೆಯದರಲ್ಲಿ ಅವೆಲ್ಲ ಎತ್ತ ಎಷ್ಟು ಸರಿದಿವೆಯೆಂದು ಅಳೆಯುತ್ತದೆ. ಮೂರನೆಯದರಲ್ಲಿ ಮತ್ತೆ ಅಳೆಯುತ್ತದೆ. ಎಲ್ಲವನ್ನೂ ಕೂಡಿಸಿದರೆ ಹಿಡಿದವರ ಕೈ ನಡೆದ ಹಾದಿ ಸಿಕ್ಕುತ್ತದೆ. ಅದು ಗರಗಸದ ಹಲ್ಲಿನ ಹಾಗಿರುತ್ತದೆ. ಅದರ ನಡುವೆ ನಯವಾದ ಇನ್ನೊಂದು ಗೆರೆ ಎಳೆದು, ಆ ಗೆರೆಗೂ ಈ ಹಲ್ಲಿಗೂ ಇರುವ ಅಂತರದಷ್ಟು ಪ್ರತಿಯೊಂದು ಚಿತ್ರವನ್ನೂ ಸರಿಸಿ, ತಿರುಗಿಸಿ ಕೂರಿಸುತ್ತದೆ.

ಈ ನಯವಾದ ಗೆರೆ ಹೇಗಿರಬೇಕೆಂಬುದರ ಮೇಲೆ ೨೦೧೧ರಲ್ಲಿ ಗ್ರುಂಡ್‌ಮನ್, ಕ್ವಾತ್ರ, ಎಸ್ಸಾ ಎಂಬ ಮೂವರು ಒಂದು ಒಳ್ಳೆಯ ಪ್ರಬಂಧ ಬರೆದರು. ಗೆರೆಯಲ್ಲಿ ಮೂರೇ ಬಗೆಯ ತುಂಡುಗಳಿರಲಿ ಎಂದು ಅವರ ಸಲಹೆ: ಒಂದು, ಪೂರ್ತಿ ನಿಂತದ್ದು; ಇನ್ನೊಂದು, ಒಂದೇ ವೇಗದಲ್ಲಿ ಸಾಗುವುದು; ಮತ್ತೊಂದು, ಮೆಲ್ಲಗೆ ವೇಗ ಕೂಡುವುದು ಅಥವಾ ಇಳಿಯುವುದು. ಕೇಳಿದರೆ ನಗು ಬರುತ್ತದೆ. ಮೊದಲನೆಯದು ಮುಕ್ಕಾಲಿ, ಎರಡನೆಯದು ಟ್ರಾಲಿ, ಮೂರನೆಯದು ಟ್ರಾಲಿಯನ್ನು ಹದವರಿತು ತಳ್ಳಲು ಹೊರಟ ಆಳು! ಮೂರ್ತಿಯವರ ಕಾಲದ ಹಳಿಯನ್ನೇ ಗಣಿತದವರು ಲೆಕ್ಕದ ಮೇಲೆ ಹಾಸಿದರು.

ಈಗ ಕೂಲಿಯ ವಿಚಾರ. ಗೋಡೆಯ ಮೇಲಿನ ಪಟದ ಚೌಕಟ್ಟನ್ನು ನೆನೆಯಿರಿ. ಒಳಗಿನ ಚಿತ್ರವನ್ನು ಎಡಕ್ಕೆ ಸರಿಸಿದರೆ ಬಲಗಡೆ ಬರಿಯ ರಟ್ಟು ಕಾಣುತ್ತದೆ. ವಿಡಿಯೋದಲ್ಲಿ ಅದು ಕಪ್ಪು ಅಂಚಾಗಿ ಕಾಣುತ್ತದೆ. ಅದನ್ನು ಮರೆಸಲು ಸಾಫ್ಟ್‌ವೇರು ಇಡೀ ಚಿತ್ರವನ್ನು ಹಿಗ್ಗಿಸಿ ಅಂಚುಗಳನ್ನು ಕತ್ತರಿಸುತ್ತದೆ. ನೂರಕ್ಕೆ ಹತ್ತರಷ್ಟು ಹಿಗ್ಗಿಸಿದರೆ ಹೋಗುವುದು ಹತ್ತರಷ್ಟಲ್ಲ. ಅಗಲದಲ್ಲಿಯೂ ಎತ್ತರದಲ್ಲಿಯೂ ಹೋಗುವುದರಿಂದ ಚಿತ್ರದ ಹರಹಿನಲ್ಲಿ ನೂರಕ್ಕೆ ಸುಮಾರು ೧೭ ಪಾಲು ಹೋಗುತ್ತದೆ. ಉಳಿದದ್ದೂ ಹಿಗ್ಗಿದ್ದರಿಂದ ತುಸು ಮಸಕಾಗುತ್ತದೆ.

ಹದಿನೇಳು ಪಾಲು ಹೋದರೆ ಏನಾಯಿತು ಎನ್ನಬಹುದು. ನಮ್ಮ ಬಳಗದವರೊಬ್ಬರು, ಪಂಖಾ ರಸ್ತೆಯಾಚೆ ಬಾಡಿಗೆಗಿರುವವರು, ತಮ್ಮ ತಂದೆ ಮನೆಯ ಜಗಲಿಯ ಮೇಲೆ ಕುಳಿತು ಮಾತಾಡುವ ವಿಡಿಯೋ ತಂದಿದ್ದರು. ತಂದೆ ಈಗಿಲ್ಲ. ಅಕ್ಕ ತೆಗೆದ ಚಿತ್ರ. ಮಗು ಕಂಕುಳಲ್ಲಿದ್ದುದರಿಂದ ಅವರ ಕೈ ಒಂದೇ ಸಮನೆ ಅದುರಿದೆ. ಸಾಫ್ಟ್‌ವೇರಿಗೆ ಹಾಕಿ ನೋಡಿದಾಗ ಜಗಲಿ ಕಲ್ಲಿನ ಹಾಗೆ ನಿಂತಿತು. ತಂದೆಯ ಮುಖ ಚೆನ್ನಾಗಿ ಕಂಡಿತು. ಅವರು ಎರಡು ಸಲ ನೋಡಿ, "ಅಮ್ಮ ಎಲ್ಲಿ?" ಎಂದರು. ತಾಯಿ ಎಡತುದಿಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರಂತೆ. ಕತ್ತರಿಸಿದ ಅಂಚಿನೊಡನೆ ಅವರೂ ಹೋಗಿದ್ದರು. ಸೆರಗಿನ ತುದಿ ಮಾತ್ರ ಉಳಿದಿತ್ತು. "ನಡುಗಿದರೆ ನಡುಗಲಿ, ಅಮ್ಮ ಇರಲಿ" ಎಂದರು ಅವರು. ನಮ್ಮ ಹಳೆಯ ಪೈಕಿ ಮನೆಗಳಲ್ಲಿ ಹೆಂಗಸರು ನಿಲ್ಲುವುದೇ ಅಂಚಿನಲ್ಲಿ. ಈ ಯಂತ್ರ ಮೊದಲು ಕತ್ತರಿಸುವುದೂ ಅಂಚನ್ನೇ.

ಕೊನೆಗೆ ಮಾಡಿದ್ದು ಹೀಗೆ. ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರಿನ ದುಡ್ಡಿಲ್ಲದ ಆವೃತ್ತಿಯಲ್ಲಿಯೂ ಸ್ಥಿರಗೊಳಿಸುವ ಅನುಕೂಲವಿದೆ. ಅದರಲ್ಲಿ ಜೂಮ್ ಎಂಬ ಗುರುತನ್ನು ತೆಗೆದುಬಿಟ್ಟರೆ ಚಿತ್ರ ಹಿಗ್ಗುವುದಿಲ್ಲ; ಅಂಚಿನಲ್ಲಿ ಕಪ್ಪು ಪಟ್ಟಿ ಅತ್ತಿತ್ತ ಆಡುತ್ತದೆ, ಅಷ್ಟೆ. ಬಿಗಿಯನ್ನೂ ಅರ್ಧಕ್ಕೆ ಇಳಿಸಿದೆವು. ಇಡೀ ವಿಡಿಯೋಗೆ ಒಂದೇ ಮದ್ದು ಹಾಕದೆ ತುಂಡುಮಾಡಿ, ಬಹಳ ಕುಣಿದ ನಾಲ್ಕಾರು ತುಂಡುಗಳಿಗೆ ಮಾತ್ರ ಹಾಕಿದೆವು. ತಾಯಿ ಬಾಗಿಲಲ್ಲಿಯೇ ಉಳಿದರು. ಚಿತ್ರ ಇನ್ನೂ ಸ್ವಲ್ಪ ಉಸಿರಾಡಿದ ಹಾಗೆ ಅಲುಗುತ್ತದೆ, ನೋಡಲು ಅಡ್ಡಿಯಿಲ್ಲ. ಕೆಡೆನ್‌ಲೈವ್ ಎಂಬ ಇನ್ನೊಂದು ಸಾಫ್ಟ್‌ವೇರೂ ಪೂರ್ತಿ ಉಚಿತ. ಹಳೆಯ ಕಂಪ್ಯೂಟರು ಇರುವವರು ಅದನ್ನು ನೋಡಬಹುದು. ತಿಂಗಳ ಬಾಡಿಗೆ ಕೊಟ್ಟು ಬಳಸುವ ಅಡೋಬಿ ಪ್ರೀಮಿಯರ್ ಕೊಂಡರೇ ಕೆಲಸವಾಗುವುದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಯಂತ್ರ ಮೋಸಹೋಗುವ ಸಂದರ್ಭವೂ ಉಂಟು. ರಾಜ್ಯೋತ್ಸವದ ಡೊಳ್ಳುಕುಣಿತವನ್ನು ಹತ್ತಿರದಿಂದ ತೆಗೆದರೆ ಚಿತ್ರದ ತುಂಬ ಕುಣಿಯುವವರೇ ಇರುತ್ತಾರೆ. ಎಲ್ಲರೂ ಒಟ್ಟಿಗೆ ನೆಗೆದರೆ, ನೆಗೆದದ್ದು ಜನವಲ್ಲ, ಕ್ಯಾಮೆರಾ ಕೆಳಕ್ಕೆ ಜಗ್ಗಿತೆಂದು ಸಾಫ್ಟ್‌ವೇರು ತಿಳಿಯುತ್ತದೆ. ಆಗ ಡೊಳ್ಳಿನವರು ನಿಂತು, ಹಿಂದಿನ ಗೋಡೆ ಪರದೆಗಳು ಕುಣಿಯತೊಡಗುತ್ತವೆ! ಇಂಥದಕ್ಕೆ ಮದ್ದು ಹಾಕದಿರುವುದೇ ಮೇಲು.

ರಾತ್ರಿಯ ವಿಡಿಯೋದ ಕಷ್ಟ ಬೇರೆ. ಬೆಳಕು ಕಡಿಮೆಯಿದ್ದಾಗ ಒಂದೊಂದು ಬಿಡಿಚಿತ್ರಕ್ಕೂ ಫೋನು ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರವೇ ಕದಡುತ್ತದೆ. ಸಾಫ್ಟ್‌ವೇರು ಚಿತ್ರದ ಸ್ಥಾನವನ್ನು ಸರಿಪಡಿಸೀತೇ ಹೊರತು ಕದಡಿದ್ದನ್ನು ತಿಳಿಮಾಡದು. ನಿಂತ ಚಿತ್ರದಲ್ಲಿ ದೀಪಗಳು ಕಾರಣವಿಲ್ಲದೆ ಮಸಕಾಗಿ ತಿಳಿಯಾಗಿ ಮಿಡಿಯುವುದನ್ನು ನೋಡಿದರೆ ಮೊದಲಿನ ನಡುಕವೇ ವಾಸಿಯೆನ್ನಿಸುತ್ತದೆ. ಫೋನಿನ ಸಂವೇದಕ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಬಸ್ಸಿನಲ್ಲಿ ತೆಗೆದ ಚಿತ್ರದಲ್ಲಿ ನೆಟ್ಟಗಿನ ಕಂಬಗಳು ಬಳುಕುವುದೂ ಉಂಟು.

ಊರಿನಿಂದ ತರಿಸಿಕೊಳ್ಳುವವರು ಇದೊಂದನ್ನು ಅವಶ್ಯ ನೆನಪಿಡಬೇಕು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ ವಿಡಿಯೋ ದಾರಿಯಲ್ಲಿಯೇ ಹಿಂಡಿ ಸಣ್ಣದಾಗಿ ಬರುತ್ತದೆ. ಹಿಂಡಿದ್ದನ್ನು ಮತ್ತೆ ಹಿಗ್ಗಿಸಿದರೆ ಮುಖಗಳು ಚೌಕಚೌಕವಾಗುತ್ತವೆ. ಅದೇ ವಿಡಿಯೋವನ್ನು ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಫೋನಿನಲ್ಲಿ ಜಾಗವಿದ್ದರೆ ೪ಕೆ ಅಳತೆಯಲ್ಲಿ ತೆಗೆಯಲು ಹೇಳಿರಿ. ಅದರಲ್ಲಿ ಅಗಲಕ್ಕೆ ೩,೮೪೦ ಚುಕ್ಕೆಗಳು. ನಾವು ಕೊನೆಗೆ ಮಾಡಿಕೊಳ್ಳುವ ಎಚ್‌ಡಿ ಪ್ರತಿಗೆ ಬೇಕಾದದ್ದು ೧,೯೨೦. ಅಂಚು ಕತ್ತರಿಸಿದರೂ ಮಸಕಾಗುವ ಭಯವಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ತೆಗೆದರೆ ಕೂಲಿ ಕೊಡಲು ಅಂಚೂ ಧಾರಾಳವಾಗಿರುತ್ತದೆ. ಜೂಮ್ ಮಾಡಿದಷ್ಟೂ ನಡುಕ ದೊಡ್ಡದಾಗಿ ಕಾಣುತ್ತದೆಂದು ಮಕ್ಕಳಿಗೆ ತಿಳಿಸಬೇಕು. ಎರಡು ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಚಪ್ಪರದ ಕಂಬಕ್ಕೋ ಗೋಡೆಗೋ ಒರಗಿ ನಿಂತರೆ ಅರ್ಧ ಕೆಲಸ ಅಲ್ಲಿಯೇ ಆಯಿತು.

ಸರಿಪಡಿಸಿದ ಪ್ರತಿಗೆ ಬೇರೆ ಹೆಸರಿಟ್ಟು, ಮೂಲವನ್ನು ಅಳಿಸದೆ ಇನ್ನೊಂದು ಕಡೆ ಕಾಪಾಡಿರಿ. ಧ್ವನಿಯನ್ನು ಈ ಕ್ರಿಯೆ ಮುಟ್ಟುವುದಿಲ್ಲ. ಚಿತ್ರ ಎಷ್ಟೇ ಕತ್ತರಿಸಿದರೂ ಮಾತು ಪೂರ್ತಿಯಾಗಿ ಉಳಿಯುತ್ತದೆ. ಇಂದು ಇಬ್ಬರು ಊರಿನ ವಿಡಿಯೋ ತಂದಿದ್ದಾರೆ. ಒಂದು ತೇರಿನದು, ಒಂದು ನಾಮಕರಣದ್ದು. ನಾಮಕರಣದ್ದು ಚಿಕ್ಕದು, ಅದನ್ನೇ ಮೊದಲು ಹಾಕೋಣ. ಅಂಚಿನಲ್ಲಿ ಯಾರು ಯಾರು ನಿಂತಿದ್ದಾರೆಂದು ತಂದವರು ಮೊದಲೇ ನಮಗೆ ಹೇಳಬೇಕು.