ಮರುಭೂಮಿಯ ಹಾಡು, ಕಬ್ಬಿನ ಗದ್ದೆಯ ಕಥೆ

ಹಾಡನ್ನು ಕಟ್ಟಿದವರು ಒಂದು ಭಾವದಿಂದ ಕಟ್ಟಿರುತ್ತಾರೆ. ಅದನ್ನು ಬೇರೆ ಯಾರೋ ಎತ್ತಿಕೊಂಡು ಹೋಗಿ ಬೇರೊಂದು ಕಥೆಯ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಆಗ ಹಾಡಿನ ಅರ್ಥ ಮೊದಲಿನದೇ ಆಗಿ ಉಳಿಯುತ್ತದೆಯೆ? ಉಳಿಯದಿದ್ದರೆ, ಹೊಸದಾಗಿ ಕಂಡ ಅರ್ಥ ಹಾಡಿನೊಳಗೆ ಮೊದಲೇ ಇದ್ದುದೋ ಅಥವಾ ಹೊರಗಿನಿಂದ ಬಳಿದ ಬಣ್ಣವೋ? ಅಮೆರಿಕದ ಒಂದು ಹಾಡನ್ನೂ ಅದನ್ನು ಮುಂದಿಟ್ಟುಕೊಂಡು ಬಂದ ಒಂದು ದೂರದರ್ಶನ ಧಾರಾವಾಹಿಯನ್ನೂ ನೋಡಿದಾಗ ಈ ಪ್ರಶ್ನೆ ಸಹಜವಾಗಿ ಏಳುತ್ತದೆ.

ಹಾಡಿನ ಹೆಸರು 'ಫಾರ್ ಫ್ರಮ್ ಎನಿ ರೋಡ್'. ಯಾವ ದಾರಿಯೂ ಮುಟ್ಟದ ದೂರದ ಎಡೆ ಎಂಬುದು ಅದರ ಭಾವ. ಹಾಡಿದವರು 'ದಿ ಹ್ಯಾಂಡ್‌ಸಮ್ ಫ್ಯಾಮಿಲಿ' ಎಂಬ ಹೆಸರಿಟ್ಟುಕೊಂಡ ದಂಪತಿಗಳು. ಹೆಂಡತಿ ರೆನೀ ಸ್ಪಾರ್ಕ್ಸ್ ಮಾತನ್ನು ಕಟ್ಟುತ್ತಾರೆ. ಗಂಡ ಬ್ರೆಟ್ ಸ್ಪಾರ್ಕ್ಸ್ ರಾಗವನ್ನು ಕೂಡಿಸುತ್ತಾರೆ. ಶಿಕಾಗೋ ನಗರದಲ್ಲಿ ಹಾಡತೊಡಗಿದ ಇವರು ಮುಂದೆ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ನೆಲೆಸಿದರು. 2003ರಲ್ಲಿ ಹೊರಬಂದ 'ಸಿಂಗಿಂಗ್ ಬೋನ್ಸ್', ಎಂದರೆ 'ಹಾಡುವ ಎಲುಬುಗಳು', ಎಂಬ ಸಂಕಲನದಲ್ಲಿ ಈ ಹಾಡು ಇದೆ. 2014ರ ಜನವರಿಯಲ್ಲಿ 'ಟ್ರೂ ಡಿಟೆಕ್ಟಿವ್' ಎಂಬ ಪತ್ತೇದಾರಿ ಧಾರಾವಾಹಿ ಎಚ್.ಬಿ.ಒ. ವಾಹಿನಿಯಲ್ಲಿ ಆರಂಭವಾಯಿತು. ಅದರ ಸಂಗೀತದ ಹೊಣೆ ಹೊತ್ತಿದ್ದ ಟಿ ಬೋನ್ ಬರ್ನೆಟ್ ಹನ್ನೊಂದು ವರ್ಷ ಹಳೆಯದಾದ ಈ ಹಾಡನ್ನು ಆರಿಸಿ ಪ್ರತಿ ಕಂತಿನ ಮೊದಲಿಗೆ ಇಟ್ಟರು. ಕೆಲವರಿಗಷ್ಟೇ ಗೊತ್ತಿದ್ದ ಹಾಡು ಹೀಗೆ ಲೋಕದ ಕಿವಿಗೆ ಬಿತ್ತು.

'ಕಂಟ್ರಿ' ಎಂದು ಕರೆಯುವ ಆ ನಾಡಿನ ಹಳ್ಳಿಗಾಡಿನ ಸಂಗೀತಕ್ಕೆ ದುಃಖವೂ ಹೊಸದಲ್ಲ, ಕೊಲೆಯೂ ಹೊಸದಲ್ಲ. ಬ್ರಿಟನ್ ದ್ವೀಪಗಳಿಂದ ವಲಸೆ ಹೋದ ಜನ ತಮ್ಮ ಕಥನಗೀತೆಗಳನ್ನು ಅಪಲಾಚಿಯನ್ ಬೆಟ್ಟಗಳಿಗೆ ಒಯ್ದರು. 1916ರಿಂದ 1918ರವರೆಗೆ ಸೆಸಿಲ್ ಶಾರ್ಪ್ ಆ ಬೆಟ್ಟಗಳಲ್ಲಿ ತಿರುಗಿ ಅಂಥ ಹಾಡುಗಳನ್ನು ಬರೆದುಕೊಂಡರು. ಅವುಗಳಲ್ಲಿ ಕೊಲೆಯ ಹಾಡುಗಳದೇ ಒಂದು ಗುಂಪು. ಲೂವಿನ್ ಸಹೋದರರು 1956ರಲ್ಲಿ ಹೊರತಂದ ಸಂಕಲನದಲ್ಲಿರುವ 'ನಾಕ್ಸ್‌ವಿಲ್ ಗರ್ಲ್' ಆ ಜಾತಿಯದು. ಪ್ರೀತಿಸಿದ ಹುಡುಗಿಯನ್ನು ಕೊಂದವನು ತಾನೇ ಕಥೆ ಹೇಳುತ್ತಾನೆ. ಏಕೆ ಕೊಂದೆನೆಂಬುದನ್ನು ಮಾತ್ರ ತಿಳಿಯಾಗಿ ಹೇಳುವುದಿಲ್ಲ. ಹಾಡುವವರು ದನಿ ಏರಿಸುವುದಿಲ್ಲ, ಅಳುವುದಿಲ್ಲ. ಆ ಸಮಾಧಾನದ ದನಿಯೇ ಕೇಳುವವನನ್ನು ನಡುಗಿಸುತ್ತದೆ. ಸ್ಪಾರ್ಕ್ಸ್ ದಂಪತಿಗಳು ಇದೇ ದನಿಗೆ ವಾರಸುದಾರರು.

ಆದರೆ ಇವರ ಹಾಡಿನಲ್ಲಿ ಕೊಲೆಗಾರನಿಲ್ಲ. ಮರುಭೂಮಿಯಲ್ಲಿ ಬೆಳೆದ ಮುಳ್ಳಿನ ಗಿಡವೊಂದುಂಟು. ಹಾಡು ಅದನ್ನು ಹೆಣ್ಣೆಂಬಂತೆ ಕರೆಯುತ್ತದೆ. ಮುಟ್ಟಿದವನ ಕೈಯಲ್ಲಿ ರಕ್ತ ಬರುತ್ತದೆ. ಆದರೂ ಬೆಳದಿಂಗಳಿನಲ್ಲಿ ಅದು ಹೂ ಬಿಡುವುದನ್ನು ನೋಡಲು ಅವನು ಒಬ್ಬನೇ ಹೋಗುತ್ತಾನೆ. ಹೋದವನು ಅಲ್ಲಿಯೇ ಬೀಳುತ್ತಾನೆ. ಮುಂದಿನದು ಕಾಡುಮೃಗಗಳ ಪಾಲು. ಕೊನೆಗೆ ಗಾಳಿಯಲ್ಲಿಯೂ ನಕ್ಷತ್ರಗಳಲ್ಲಿಯೂ ಬೆರೆತುಹೋಗುವ ಒಂದು ಕರೆ ಕೇಳಿಬರುತ್ತದೆ.

ರಾತ್ರಿ ಅರಳುವ ಕಳ್ಳಿಯ ಹೂವು ನಮಗೆ ಅಪರಿಚಿತವಲ್ಲ. ನಮ್ಮ ಮನೆಗಳ ಅಂಗಳದಲ್ಲಿ ಬ್ರಹ್ಮಕಮಲವೆಂದು ಕರೆಸಿಕೊಳ್ಳುವ ಹೂವು ಅದೇ ಕುಲದ್ದು. ಅದರ ತವರು ಮೆಕ್ಸಿಕೋ ಕಡೆಯ ನಾಡು. ಅದು ಅರಳುವ ರಾತ್ರಿ ನೆರೆಹೊರೆಯವರನ್ನು ಕರೆದು, ದೀಪ ಹಚ್ಚಿ, ಪೂಜೆ ಮಾಡುವ ಮನೆಗಳುಂಟು. ಬೆಳಗಾಗುವ ಹೊತ್ತಿಗೆ ಹೂ ಬಾಡಿರುತ್ತದೆ. ನಾಲ್ಕು ಜನ ಸೇರಿ ನೋಡಿದರೆ ಹಬ್ಬ. ದಾರಿಯಿಲ್ಲದ ಕಡೆ ಒಬ್ಬನೇ ನೋಡಲು ಹೋದರೆ ಅಪಾಯ. ಹಾಡಿನ ಹೆಸರಿನ ಬಿಗಿ ಇಲ್ಲಿದೆ. ಚೆಲುವು ಅದೇ, ಅದನ್ನು ನೋಡುವವನ ಒಂಟಿತನವೇ ಅದನ್ನು ಮೃತ್ಯುವಿನ ಚೆಲುವನ್ನಾಗಿ ಮಾಡುತ್ತದೆ.

ಇನ್ನು ಧಾರಾವಾಹಿಯ ಮಾತು. ನಿಕ್ ಪಿಟ್ಸೊಲಾಟೊ ಬರೆದು, ಕೇರಿ ಜೋಜಿ ಫುಕುನಾಗ ನಿರ್ದೇಶಿಸಿದ ಎಂಟು ಕಂತುಗಳ ಕಥೆ ಅದು. ನಡೆಯುವುದು ಲೂಯಿಸಿಯಾನಾದಲ್ಲಿ. 1995ರಲ್ಲಿ ಕಬ್ಬಿನ ಗದ್ದೆಯ ಬಳಿ, ಮರದ ಬುಡದಲ್ಲಿ, ತಲೆಗೆ ಜಿಂಕೆಯ ಕೊಂಬು ತೊಡಿಸಿದ ಒಬ್ಬ ಹೆಂಗಸಿನ ಶವ ದೊರೆಯುತ್ತದೆ. ರಸ್ಟ್ ಕೋಲ್, ಮಾರ್ಟಿ ಹಾರ್ಟ್ ಎಂಬ ಇಬ್ಬರು ಪತ್ತೇದಾರರು ಅದರ ಜಾಡು ಹಿಡಿಯುತ್ತಾರೆ. ಆ ಜಾಡು ತುದಿ ಮುಟ್ಟುವುದು 2012ರಲ್ಲಿ, ಹದಿನೇಳು ವರ್ಷಗಳ ಮೇಲೆ.

ಲೂಯಿಸಿಯಾನಾ ಮರುಭೂಮಿಯಲ್ಲ. ಅದು ಜೌಗು, ಹೊಳೆ, ಕಬ್ಬು, ಮಳೆಗಳ ನೆಲ. ಅಲ್ಲಿ ಮರಳುಗಾಡಿನ ಹಾಡಿಗೇನು ಕೆಲಸ? ಉತ್ತರ ಶೀರ್ಷಿಕೆಯ ಚಿತ್ರಗಳಲ್ಲಿದೆ. ಮನುಷ್ಯರ ಮುಖದೊಳಗೆ ಕಾರ್ಖಾನೆಯ ಚಿಮಣಿ, ಹೆದ್ದಾರಿ, ಬಯಲು ತುಂಬಿಕೊಂಡಿರುವ ಚಿತ್ರಗಳು ಅವು. 2014ರಲ್ಲಿ ಈ ಶೀರ್ಷಿಕೆಗೆ ಎಮ್ಮಿ ಪ್ರಶಸ್ತಿ ಬಂದಿತು. ಛಾಯಾಗ್ರಾಹಕ ರಿಚರ್ಡ್ ಮಿಸ್ರಾಕ್ 'ಪೆಟ್ರೋಕೆಮಿಕಲ್ ಅಮೆರಿಕ' ಎಂಬ ಗ್ರಂಥದಲ್ಲಿ ತೋರಿಸಿದ ನೆಲದಿಂದ ಅವುಗಳಿಗೆ ಪ್ರೇರಣೆ. ಮಿಸಿಸಿಪಿ ನದಿಯ ಉದ್ದಕ್ಕೆ, ಬ್ಯಾಟನ್ ರೂಜಿನಿಂದ ನ್ಯೂ ಆರ್ಲಿಯನ್ಸಿನವರೆಗೆ, ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳು ಸಾಲುಗಟ್ಟಿವೆ. ಜನ ಅದನ್ನು 'ಕ್ಯಾನ್ಸರ್ ಓಣಿ' ಎಂದೇ ಕರೆದಿದ್ದಾರೆ. ಅಲ್ಲಿ ನೀರಿದೆ, ಹಸುರಿದೆ. ಆದರೂ ಬಡವರ ಪಾಲಿಗೆ ಅದು ಕೂಗಿದರೆ ಯಾರಿಗೂ ಕೇಳಿಸದ ಎಡೆ. ಕಥೆಯಲ್ಲಿ ಕಾಣೆಯಾಗುವವರು ಇಂಥ ಬಡ ಹೆಂಗಸರು, ಮಕ್ಕಳು. ಹೆದ್ದಾರಿಯ ಪಕ್ಕದಲ್ಲಿದ್ದೂ ಅವರು ಎಲ್ಲ ದಾರಿಗೂ ದೂರ.

ನಮ್ಮ ಕಾವ್ಯಮೀಮಾಂಸಕರು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಮಾತಿನ ವಾಚ್ಯಾರ್ಥ ಒಂದೇ ಆದರೂ ಪ್ರಸ್ತಾವ, ದೇಶ, ಕಾಲಗಳು ಬದಲಾದರೆ ವ್ಯಂಗ್ಯಾರ್ಥ ಬದಲಾಗುತ್ತದೆ ಎಂದು ಮಮ್ಮಟ ಹೇಳಿದ್ದಾನೆ. ಹಾಡು ಬದಲಾಗಲಿಲ್ಲ, ಪ್ರಸ್ತಾವ ಬದಲಾಯಿತು. ಹೂವಿನ ಸೆಳೆತ ಕೊಲೆಗಾರನ ಬಲೆಯಾಯಿತು. ರಕ್ತದ ಕೈ ಯಾರದೆಂಬ ಪ್ರಶ್ನೆ ಎದ್ದಿತು. ಅಷ್ಟೇ ಅಲ್ಲ, ಗಿಡವನ್ನು ಮುಟ್ಟಿಯೇ ತೀರುವವನು ಪತ್ತೇದಾರನೇ ಆದ. ಸತ್ಯವನ್ನು ಹುಡುಕುತ್ತ ಕೋಲ್ ಕೆಲಸವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೆ. ಮುಳ್ಳೆಂದು ಗೊತ್ತಿದ್ದೂ ಕೈಚಾಚುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ಇದು ಭಯಾನಕ ರಸದ ಹಾಡು ಎಂದು ಹೇಳಿ ಮುಗಿಸಬಹುದು. ಬಹುಮಟ್ಟಿಗೆ ಜನ ಕೇಳುವುದೂ ಹಾಗೆಯೇ. ಆದರೆ ಕೊನೆಯ ಕಂತನ್ನು ನೋಡಿದ ಮೇಲೆ ಹಾಡನ್ನು ಮತ್ತೊಮ್ಮೆ ಕೇಳಬೇಕು. ಕೋಲನ ಮಗಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದಾಳೆ. ಅವನ ಒಣ ವೇದಾಂತದ ಬೇರು ಆ ಶೋಕ. ಕೊಲೆಗಾರನ ಕೈಯಿಂದ ಇರಿತ ತಿಂದು, ಸಾವಿನ ಅಂಚಿಗೆ ಹೋಗಿ ಬಂದ ಅವನು, ಆ ಕತ್ತಲೆಯಲ್ಲಿ ಮಗಳ ಪ್ರೀತಿ ತನ್ನನ್ನು ಕಾಯುತ್ತಿತ್ತೆಂದು ಮಾರ್ಟಿಯ ಮುಂದೆ ಅಳುತ್ತಾನೆ. ಆಸ್ಪತ್ರೆಯ ಹೊರಗೆ ಇಬ್ಬರೂ ಆಕಾಶವನ್ನು ನೋಡುತ್ತಾರೆ. ಕತ್ತಲೆಯೇ ಹೆಚ್ಚಿದೆ ಎಂದು ಒಬ್ಬನ ಮಾತು; ಒಂದು ಕಾಲದಲ್ಲಿ ಬರಿಯ ಕತ್ತಲೆಯೇ ಇತ್ತು, ಈಗ ಬೆಳಕು ಗೆಲ್ಲುತ್ತಿದೆ ಎಂದು ಇನ್ನೊಬ್ಬನ ಮಾತು. ಅಲ್ಲಿಗೆ ಕಥೆ ಮುಗಿಯುತ್ತದೆ.

ಹಾಡಿನ ಕೊನೆಯಲ್ಲಿಯೂ ನಕ್ಷತ್ರಗಳೇ ಇದ್ದುವು. ಸತ್ತವನು ಗಾಳಿಗೂ ಚುಕ್ಕೆಗೂ ಸೇರುವುದು ಬೆದರಿಕೆಯೆಂದು ಏಳು ಕಂತುಗಳ ಕಾಲ ತೋರಿತ್ತು. ಮಗಳನ್ನು ಕಳೆದುಕೊಂಡ ತಂದೆಯ ಕಿವಿಯಿಂದ ಕೇಳಿದರೆ ಅದೇ ಮಾತು ಸಮಾಧಾನವಾಗುತ್ತದೆ: ಹೋದವರು ಇಲ್ಲವಾಗಿಲ್ಲ, ಎಲ್ಲೆಡೆ ಇದ್ದಾರೆ. ಭಯಾನಕದ ಒಡಲಿನಿಂದ ಕರುಣ ಹೊರಡುತ್ತದೆ, ಕರುಣದಿಂದ ಶಾಂತದ ಒಂದು ಎಳೆ. ಇದನ್ನು ಧಾರಾವಾಹಿ ಹಚ್ಚಿದ ಬಣ್ಣವೆನ್ನುವಂತಿಲ್ಲ. ಹಾಡಿನ ಕೊನೆಯ ಕರೆಯಲ್ಲಿ ಅದು ಮೊದಲಿನಿಂದಲೂ ಇತ್ತು. ಕೇಳುವ ಕಿವಿಗಾಗಿ ಕಾದಿತ್ತು.

ಸಂಕಲನದ ಹೆಸರು ಒಂದು ಹಳೆಯ ಕಥೆಯನ್ನು ನೆನಪಿಗೆ ತರುತ್ತದೆ. ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಜರ್ಮನ್ ಜನಪದ ಕಥೆಗಳಲ್ಲಿ, ಅಣ್ಣನಿಂದ ಹತನಾದ ತಮ್ಮನ ಎಲುಬನ್ನು ಕುರುಬನೊಬ್ಬ ಕೊಂಬಿನ ಬಾಯಿಗೆ ಜೋಡಿಸಿ ಊದುತ್ತಾನೆ. ಎಲುಬು ತಾನೇ ಹಾಡಿ ಕೊಲೆಗಾರನನ್ನು ಹಿಡಿದುಕೊಡುತ್ತದೆ. ಪತ್ತೇದಾರಿ ಕಥೆಯ ಆಸೆಯೂ ಇದೇ: ಸತ್ಯ ಬಾಯಿಬಿಡಬೇಕು, ತಪ್ಪಿತಸ್ಥ ಸಿಕ್ಕಬೇಕು. ಧಾರಾವಾಹಿಯಲ್ಲಿ ಕೊಂದವನೊಬ್ಬ ಸಿಕ್ಕುತ್ತಾನೆ. ಅವನ ಹಿಂದಿದ್ದ ದೊಡ್ಡವರೆಲ್ಲ ಸಿಕ್ಕುವುದಿಲ್ಲ. ನ್ಯಾಯ ಅರ್ಧದಲ್ಲಿಯೇ ನಿಂತುಹೋಗುತ್ತದೆ. ಉಳಿದ ಅರ್ಧದ ದುಃಖವನ್ನು ಯಾರಾದರೂ ಹೊರಬೇಕಷ್ಟೆ. ಆ ಹೊರೆಗೆ ಹೆಗಲು ಕೊಡುವುದು ಇಂಥ ಹಾಡು. ಅದು ಯಾರ ಮೇಲೂ ತೀರ್ಪು ಹೇಳುವುದಿಲ್ಲ. ಬಿದ್ದವನನ್ನು ದಾರಿಯಿಲ್ಲದ ಎಡೆಯಲ್ಲಿ ಒಬ್ಬಂಟಿಯಾಗಿ ಬಿಟ್ಟುಬರುವುದೂ ಇಲ್ಲ.